ಜರ್ಮನ್ ಬೋಗಾಣ್ಯಾಗ ಎಲ್ಲವ್ವ

ನಿನ್ನೆ ನಮ್ಮ ಮನಿದೇವರು ಎಲ್ಲವ್ವನ ಬೆಳ್ಳಿ ಮುಖ ತೊಳಿಯಾಕ ಕುದಿಯೋ ನೀರಿಗೆ ಸೋಡಾ, ಉಪ್ಪು ಹಾಕಿ ಮುಳಗಿಸಿದೆ. ಕೊಳೆತ ತತ್ತಿಯಂಥಾ ವಾಸನಿ ಗಪ್ಪನ ಎದ್ದಿತು. ಸೊಸಿ ಮೂಗು ಮುಚ್ಚಿಕೊಂಡು ಹಿತ್ತಲಕ್ಕ ಓಡಿದಳು. ನನಗ ಮಾತ್ರ ಅಕ್ಕೋರು ನೆನಪಾದರು...

ಎಪ್ಪತ್ತರ ದಶಕದಾಗ, ಬೈಲಹೊಂಗಲದಾಗ ನಾ ಹೈಸ್ಕೂಲು ಕಲಿಯೋ ಮುಂದ, ನಮಗ ರಸಾಯನಶಾಸ್ತ್ರ ಕಲಿಸಿದವರು ಅವರು. ಹೆಣ್ಣು ಟೀಚರಿಗೆ ನಾವು ಅಕ್ಕೋರು ಅಂತಿದ್ವಿ. ರಾಮದುರ್ಗದ ಕಡೆಯವರು, ಬೌದ್ಧರಾದ ದಲಿತರ ಮನಿತನ. ಸಂಜಿಕೆ ನಮ್ಮನಿ ಹೊರಗಿನ ಕಟ್ಟಿ ಮ್ಯಾಲೆ ಕುಂತು ಅಪ್ಪನ ಅವ್ವ, ನಮ್ಮ ಆಯಿ ಜೋಡಿ ಹರಟಿ ಹೊಡಿಯೋರು. ಕಟ್ಟಿ ಮ್ಯಾಲಷ್ಟ. ಒಳಗ ಬಾ ಅಂತ ಆಯಿ ಎಂದೂ ಅಂದಿರಲಿಲ್ಲ, ಅವರೂ ಹೊಸ್ತಿಲಾ ದಾಟಿರಲಿಲ್ಲ. ಜಾತಿ ಮಾತು ಇಬ್ಬರೂ ಎತ್ತತಿರಲಿಲ್ಲ.

ಆಗ ಆಯಿಯ ಕಡೀ ಮಗಳು, ನಮ್ಮ ಸಣ್ಣತ್ತಿ, ಆಕೀ ಮದಿವಿ ಕಿತ್ತೂರಿನ ವರನ ಜೋಡಿ ಗೊತ್ತಾಗಿತ್ತು. ಮದಿವಿ ಕೆಲಸ ಹಿಡಿಯೂಕಿಂತ ಮೊದಲ ಎಲ್ಲವ್ವನ ಮುಖ ಪೆಟಿಗಿಯಿಂದ ತಗದು ದೇವರ ಜಗಲಿ ಮ್ಯಾಲೆ ಇಡೂದು ನಮ್ಮನಿ ಪದ್ಧತಿ. ಆಯಿ ಗಂಟು ಬಿಚ್ಚಿದಳು. ಎಲ್ಲವ್ವ ರೊಟ್ಟಿ ಹಂಚಿನಂಗ ಕರ್ರಗಾಗಿದ್ದಳು. "ಆಕಿ ಒಲ್ಲೆ ಅಂದಾಳ. ಈ ಮದಿವಿ ಬ್ಯಾಡ," ಅಂತ ಆಯಿ ಅಲ್ಲೇ ಕುಸದಳು. ಅತ್ತಿ ಅಡಗಿಮನಿ ಬಾಗಲಾ ಹಾಕ್ಕೊಂಡು ಅಳಾಕ ಹತ್ತಿದಳು. ಬೆಳ್ಳಿ ಕೆಲಸದ ಪತ್ತಾರ ಬಂದು ನೋಡಿ, ಕೆರೆದು ತಿಕ್ಕಬೇಕು, ತಗಡು ತೆಳ್ಳಗೈತಿ, ಹುಬ್ಬು, ಮೂಗುತಿ ಎಲ್ಲಾ ಸವೀತಾವ ಅಂದ. ಆಯಿ ಅವನನ್ನ ಹಂಗ ಕಳಿಸಿದಳು.

ಸಂಜಿಕೆ ಅಕ್ಕೋರು ಬಂದು ಎಲ್ಲಾ ಕೇಳಿದರು. ಗಂಟಿನ ಬಟ್ಟಿ ತರಿಸಿ ಮೂಸಿ ನೋಡಿದರು.

"ಆಯಿ, ಇದು ಅರಿಷಿಣ ಅಲ್ರಿ, ಗಂಧಕ."

ಕಾಕಾ ಶೇಂಗಾದ ಬೆಳಿಗೆ ಹೊಡಿಯಾಕ ಗಂಧಕದ ಪುಡಿ ಕಟ್ಟಿ ತಂದ ಬಟ್ಟಿ ಅದು. ಹಳದಿ ಬಣ್ಣ ಕಂಡು, ದೇವರಿಗೆ ಸುತ್ತೋ ಅರಿಷಿಣದ ಬಟ್ಟಿ ಅಂತ ತಿಳಿದು ಆಯೀನ ಗಂಟು ಕಟ್ಟಿದ್ದಳು.

"ಬೆಳ್ಳಿ ಎಲ್ಲೂ ಹೋಗಿಲ್ರಿ, ಗಂಧಕ ಬಂದು ಕೂಡೇತಿ. ಜರ್ಮನ್ ಬೋಗಾಣ್ಯಾಗ ಸೋಡಾ, ಉಪ್ಪಿನ ಬಿಸಿನೀರು ಹಾಕಿ, ತಳಾ ಮುಟ್ಟೂವಂಗ ಮುಳಗಸ್ರಿ. ಜರ್ಮನ್ ತನ್ನ ಎಲೆಕ್ಟ್ರಾನ್ ಕೊಡತೈತಿ, ಬೆಳ್ಳಿ ಗಂಧಕಾ ಬಿಡತೈತಿ. ತಿಕ್ಕೂದ ಬ್ಯಾಡ."

ಅಲ್ಯೂಮಿನಿಯಮ್ಮಿಗೆ ನಮ್ಮ ಕಡೆ ಜರ್ಮನ್ ಅಂತಾರ. ಅಂಥಾ ಹಗೂರ ಭಾಂಡೆದಾಗ ದೇವರನ್ನ ಇಡೂದ? ಆಯಿ ಬಾಯಿಗೆ ಸೆರಗು ಹಿಡಕೊಂಡಳು. ಒಳಗ ಅತ್ತಿ ಅಳೂದು ಕೇಳತಿತ್ತು. ಕಡೀಕೆ ಬೋಗಾಣಿ ಅಂಗಳಕ್ಕ ಬಂತು, ನೀರು ಕುದೀತು. ಆಯಿ ಎಲ್ಲವ್ವನ್ನ ಹಿಡಕೊಂಡು ಬೋಗಾಣಿ ತನಕಾ ಹೋದಳು. ಅಲ್ಲಿಂದ ತಿರಗಿ ಅಕ್ಕೋರ ಮುಂದ ಕೈ ಚಾಚಿ, "ಇದು ನಿನಗ ತಿಳಿದ ಕೆಲಸ. ನೀನ ಮುಳಗಸವಾ ತಂಗಿ," ಅಂದಳು.

ಅಕ್ಕೋರು ಒಮ್ಮೆ ಆಯಿ ಮಾರಿ ನೋಡಿ, ಎರಡೂ ಕೈಲೆ ಇಸಗೊಂಡರು. ನಾರೂ ವಾಸನಿ ಎದ್ದಿತು. ನೋಡನೋಡತ ಕಪ್ಪು ಬಿಟ್ಟು ಮೊದಲ ಮೂಗುತಿ, ಆಮ್ಯಾಲೆ ಹುಬ್ಬು, ಕಣ್ಣು... ಅತ್ತಿ ಬಾಗಲಾ ತಗದು ಹೊರಗ ಬಂದಳು. ನನಗ ಆವತ್ತು ಅಕ್ಕೋರ ಮ್ಯಾಲೆ ಎಷ್ಟು ಪ್ರೀತಿ ಬಂತಂದರ, ಹೇಳಾಕ ಬರೂದಿಲ್ಲ.

ಮದಿವಿ ದಿನ ಆಯಿ ತಾನ ಅವರ ಕೈ ಹಿಡದು ಹೊಸ್ತಿಲಾ ದಾಟಿಸಿ, ಜಗಲಿ ತನಕಾ ಕರಕೊಂಡು ಹೋದಳು.

"ಆಯಿ, ನಾ ದೇವರಿಗೆ ಕೈ ಮುಗಿಯಂಗಿಲ್ರಿ," ಅಂದರು ಅಕ್ಕೋರು ಮೆಲ್ಲಕ.

"ಮುಗೀಬ್ಯಾಡ. ಆಕಿ ಮಾರಿ ತೊಳದಾಕಿ ನೀ. ಬಾಜೂಕ ಕುಂದರು."

ಮುಂದ ಸಾಲ್ಯಾಗ ರಾಸಾಯನಿಕ ಸಮತೋಲದ ಪಾಠ ಬಂದಾಗ, "ಸಮತೋಲ ಅಂದ್ರ ಎಲ್ಲಾ ನಿಂತೈತಿ ಅಂತಲ್ಲ. ಸಂತಿಗೆ ಬರೋರು, ಹೋಗೋರು ಸಮ ಆದ್ರ ಸಂತಿ ಇದ್ದಷ್ಟ ಕಾಣತೈತಿ," ಅಂತ ಅಕ್ಕೋರು ಹೇಳಿದ್ದರು. ನಮ್ಮನ್ಯಾಗ ಹಂಗ ಉಳೀಲಿಲ್ಲ, ಹೋಗೋರ ಹೆಚ್ಚಾದರು. ಅವರಿಗೆ ವರ್ಗ ಆತು, ಆಯಿ ಹೋದಳು, ಎಲ್ಲವ್ವ ನನ್ನ ಪಾಲಿಗೆ ಬಂದಳು. ಅಕ್ಕೋರೂ ತೀರಿಕೊಂಡರಂತ ಮೊನ್ನೆ ಸವದತ್ತಿಯಿಂದ ಬಂದವರು ಹೇಳಿದರು. ನಾ ಹೋಗಿ ಭೆಟ್ಟಿ ಆಗಬೇಕಂತಲೇ ಇದ್ದೆ...

ಪಾಲಿಶಿಗೆ ಕೊಡೂಣು ಅಂತಾಳ ಸೊಸಿ. ನಾ ಕೊಡೂದಿಲ್ಲ. ಎಲ್ಲವ್ವನ ಹುಬ್ಬು, ಮೂಗುತಿ ಇನ್ನೂ ಹೆಂಗಿದ್ದವು ಹಂಗ ಅದಾವ. ಅಕ್ಕೋರದು ಒಂದು ಫೋಟೋನೂ ನನ್ನ ಹತ್ತರ ಇಲ್ಲ. ಅವರ ಮಾರಿ ಮಾತ್ರ ವರ್ಷಾ ವರ್ಷಾ ನನ್ನೊಳಗ ಸವಕೋಂತ ಹೊಂಟೈತಿ.