ವಾರ್ನಿಷ್ ಕೆಳಗಿನ ಕುಂಕುಮ

ಚೆನ್ನಕೇಶವನ ಕೋಪ ಅವಲಪಲ್ಲಿಯಲ್ಲಿ ಹೆಸರುವಾಸಿ. ಅದು ಬರುತ್ತಿದ್ದುದು ಚೈನು ಕಳಚಿದ ಸೈಕಲ್ಲಿನ ಮೇಲೆ, ಆರಿದ ಕಾಫಿಯ ಮೇಲೆ, ನಿಲ್ಲಿಸದೆ ಹೋದ ಬಸ್ಸಿನ ಬೆನ್ನಿನ ಮೇಲೆ. ಫ್ಯಾಕ್ಟರಿ ಗೇಟು ದಾಟಿದರೆ ಪರಮ ಸಾಧು. ಸಂಬಳ ಕೊಡುವವರ ಮುಂದೆ ಸಿಟ್ಟಾಗುವುದು ದುಂದುಗಾರಿಕೆ ಎಂದು ತೀರ್ಮಾನಿಸಿ, ಆ ಹೆದರಿಕೆಗೆ ವಿವೇಕ ಎಂದು ಹೆಸರಿಟ್ಟುಕೊಂಡಿದ್ದ.

ಹೊಸೂರಿನ ಆ ಸಣ್ಣ ಫ್ಯಾಕ್ಟರಿಗೆ ಎಂಬತ್ತಾರರಲ್ಲಿ ನೌಕಾಪಡೆಯ ಆರ್ಡರು ಬಂತು. ಟ್ಯಾಂಕುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ನೇರ ಮರಳ ದಂಡೆಗೇ ನುಗ್ಗಿ ಬಾಯಿ ತೆರೆಯುವ ಯುದ್ಧಹಡಗು. ಆ ಬಾಯಿಯ ಬಾಗಿಲು ನಡೆಸುವ ಎಲೆಕ್ಟ್ರಾನಿಕ್ ಕಾರ್ಡುಗಳು ಕೆಟ್ಟರೆ ಹಾಕಲು ಬದಲಿ ಕಾರ್ಡು ಬೇಕಿತ್ತು. ರಾಮನಾಯಕನ ಕೆರೆಗಿಂತ ದೊಡ್ಡ ನೀರು ಕಾಣದ ಜನ ಕೂತು ಮಾಡಿದರು. ಕೆಲಮಂಗಲದ ಬಸ್ಸಿನಲ್ಲಿ ಬರುತ್ತಿದ್ದ ಪಾರ್ವತಮ್ಮ ಬೆಸುಗೆ ಹಾಕಿದಳು, ಚೆನ್ನಕೇಶವ ಕರೆಂಟು ಕೊಟ್ಟು ಪರೀಕ್ಷಿಸಿದ. ಎಲ್ಲವೂ ಸರಿಯಿತ್ತು.

ತೇವ ತಾಗದಂತೆ ಕಾರ್ಡಿಗೆ ವಾರ್ನಿಷ್ ಬಳಿಯುವುದೊಂದು ಬಾಕಿಯಿದ್ದಾಗ ಆಯುಧಪೂಜೆ ಬಂತು. ಮೆಷಿನ್ನುಗಳ ಪೂಜೆ ಮುಗಿದ ಮೇಲೆ ಮ್ಯಾನೇಜರ್ ಬದರೀನಾಥ, ದೇಶದ ಕೆಲಸ, ಇವಕ್ಕೂ ಆಗಲಿ ಎಂದು ಕಾರ್ಡುಗಳನ್ನು ಬಾಳೆಎಲೆಯ ಮೇಲೆ ಸಾಲಾಗಿ ಇಡಿಸಿದ. ಅರಿಶಿನದ ನೀರಲ್ಲಿ ಬೆರಳದ್ದಿ ಒಂದೊಂದಕ್ಕೂ ತಾನೇ ಕುಂಕುಮ ಇಟ್ಟ. ಚೆನ್ನಕೇಶವ ಪಕ್ಕದಲ್ಲಿ ನಿಂತು ಊರಿಗೇ ಕೇಳುವಂತೆ ಗಂಟೆ ಬಾರಿಸಿದ. ರಜೆ ಕಳೆದು ಬಂದವರು ಬೊಟ್ಟಿನ ಮೇಲೇ ವಾರ್ನಿಷ್ ಬಳಿದರು. ದೇವರ ಕುಂಕುಮ ಒರೆಸುವ ಧೈರ್ಯ ಯಾರಿಗಿತ್ತು?

ಸಂಕ್ರಾಂತಿಯ ಹೊತ್ತಿಗೆ ಕಾರ್ಡುಗಳು ಕೆಟ್ಟು ವಾಪಸು ಬಂದವು. ವಾರ್ನಿಷ್ ಕೆಳಗೆ ಕುಂಕುಮ ಹಾಗೇ ಇತ್ತು. ಅದರ ಸುತ್ತ ತಾಮ್ರದ ಗೆರೆ ಹಸಿರು ಕಿಲುಬು ಹಿಡಿದು ತಿಂದುಹೋಗಿತ್ತು. ಬದರೀನಾಥ ಆ ಬೊಟ್ಟನ್ನೇ ನೋಡುತ್ತ, ಬೆಸುಗೆ ಸರಿಯಿಲ್ಲ, ಪಾರ್ವತಮ್ಮ ನಾಳೆಯಿಂದ ಬರುವುದು ಬೇಡ ಎಂದ.

ಇಡೀ ಶೆಡ್ಡು ನೆಲ ನೋಡಿತು. ಪೂಜೆಯಿಂದ ಕೆಟ್ಟಿತು ಎಂಬ ಮಾತನ್ನು ಬಾಯಿಬಿಟ್ಟು ಆಡುವವರಿಲ್ಲ. ಪಾರ್ವತಮ್ಮ ಟಿಫನ್ ಕ್ಯಾರಿಯರ್ ಎತ್ತಿಕೊಂಡು ಚೆನ್ನಕೇಶವನ ಮೇಜಿನ ಬಳಿ ನಿಂತಳು.

“ಮನೇಲಿ ಬೋ ಕೋಪಿಷ್ಟ ಅಂತೆ ಕಣ್ಲಾ ನೀನು. ಇಲ್ಲಿಗೆ ಬರೋವಾಗ ಅದ್ನ ಸೈಕಲ್ ಸ್ಟ್ಯಾಂಡಲ್ಲೇ ಬುಟ್ಟು ಬತ್ತೀಯಾ?”

ಅವನ ಕಿವಿ ಕಾದವು. ಒಂದು ಕಾರ್ಡು ಹಿಡಿದು ಮ್ಯಾನೇಜರ್ ರೂಮಿಗೆ ನುಗ್ಗಿದ. ಬಾಗಿಲು ಹಾಕುವುದೂ ನೆನಪಾಗಲಿಲ್ಲ. ಬದರೀನಾಥ ಬೊಟ್ಟು ಕಂಡವನೇ ನಕ್ಕ.

“ಏನಪ್ಪಾ, ದೇವರು ಕೆಡಿಸಿದ ಅಂತೀಯಾ?”

“ದೇವ್ರಲ್ಲ ಸಾರ್, ನೀವು. ನೀರು ಹಾಕಿದ ಬೆರಳು ನಿಮ್ದು, ಗಂಟೆ ಬಾರಿಸಿದ ಕೈ ನಂದು. ಪಾರ್ವತಕ್ಕ ಯಾಕೆ ಹೋಗ್ಬೇಕು? ಮನೆಗೆ ಹೋಗೋದಾದ್ರೆ ನಾವಿಬ್ರೂ ಹೋಗಾನ, ಬನ್ನಿ.”

ಹೊರಗೆ ಯಾರೋ ಕಿಸಕ್ಕೆಂದರು. ತನ್ನನ್ನು ತಾನೇ ಮನೆಗೆ ಕಳಿಸಿಕೊಳ್ಳುವುದು ಬದರೀನಾಥನಿಗೆ ಆಗದು, ಪಾರ್ವತಮ್ಮ ಉಳಿದಳು. ಚೆನ್ನಕೇಶವನನ್ನು ಮಾತ್ರ ಪರೀಕ್ಷೆಯ ಮೇಜಿನಿಂದ ಎಬ್ಬಿಸಿ ಅಂಗಳದ ಕೆಲಸಕ್ಕೆ ಹಾಕಿದ. ನೆಲ ನೋಡಿದ್ದವರೆಲ್ಲ ಅವನಿಗೆ, ಸ್ವಲ್ಪ ತಾಳ್ಮೆ ಇರಬೇಕಪ್ಪ ಎಂದು ಬುದ್ಧಿ ಹೇಳಿದರು.

ಮುಂದಿನ ಆಯುಧಪೂಜೆಗೆ ಹೊಸ ಕಾರ್ಡುಗಳು ಕುಂಕುಮಕ್ಕೆ ಸಿಗದಂತೆ ಬೀರುವಿನಲ್ಲಿ ಭದ್ರವಾಗಿದ್ದವು. ಗೇಟಿನ ಮುಂದೆ ಬೂದುಗುಂಬಳ ಒಡೆಯುವ ಪಾಳಿ ಅಂಗಳದವನದು. ಅದರೊಳಗೆ ಕುಂಕುಮ ತುಂಬಿ, ಬದರೀನಾಥನ ಬಿಳಿ ಪ್ಯಾಂಟು ಹತ್ತಿರ ಬರುವವರೆಗೂ ಕಾದು, ಚೆನ್ನಕೇಶವ ವರ್ಷದ ಸಿಟ್ಟೆಲ್ಲ ಸೇರಿಸಿ ನೆಲಕ್ಕೆ ಬಡಿದ.