ಸನ್ಮಾನಕ್ಕೆ ಹೋದ ನನ್ನ ಪ್ರೋಟೀನು

ಜಗತ್ತಿನಲ್ಲಿ ಗಟ್ಟಿಯಾಗಿ ನಿಂತಿರುವುದೆಲ್ಲ ಯಾವುದೋ ಬಂಧದ ಬಲದಿಂದಲೇ ನಿಂತಿದೆ. ನಮ್ಮ ಕಡೆಯ ಸಮಾರಂಭಗಳು ಮಾತ್ರ ಶಾಲಿನ ಬಲದಿಂದ ನಿಂತಿವೆ.

ಕಲಬುರಗಿಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಕಮಲಾಪುರದ ಕಾಲೇಜೊಂದರವರು ಉಪನ್ಯಾಸಕ್ಕೆ ಕರೆದಾಗ, ವಿದ್ಯಾರ್ಥಿಗಳು ಕಣ್ಣಾರೆ ಕಂಡು ನಂಬುವಂಥ ಪ್ರಯೋಗವೊಂದನ್ನು ಮಾಡಿಯೇ ತೀರಬೇಕೆಂದು ಹಟ ಹಿಡಿದೆ. ವಿಷಯ ಇಷ್ಟೇ: ಪ್ರೋಟೀನು ಮಡಚಿಕೊಂಡ ಉದ್ದನೆಯ ಸರಪಳಿ, ಜಗ್ಗಿದರೆ ಮಡಿಕೆ ಬಿಚ್ಚಬೇಕು. ಆದರೆ ಗಂಟಲಿಗೆ ಅಂಟುವ ಕೆಲವು ಬ್ಯಾಕ್ಟೀರಿಯಾಗಳ ಮೈಮೇಲೆ ಕೂದಲಿನಂಥ ಎಳೆಗಳಿವೆ. ನಾವು ಎಷ್ಟು ಕೆಮ್ಮಿದರೂ, ಉಗುಳು ನುಂಗಿದರೂ ಅವುಗಳ ಪ್ರೋಟೀನು ಬಿಚ್ಚುವುದಿಲ್ಲ. ಮಡಿಕೆಗಳ ನಡುವೆ ಎರಡು ಅಮೈನೋ ಆಮ್ಲಗಳು ಅಡ್ಡಲಾಗಿ ಸಹವೇಲೆನ್ಸೀಯ ಎಂಬ ಗಟ್ಟಿ ಬಂಧ ಹಾಕಿಕೊಂಡು ಕುಳಿತಿರುತ್ತವೆ, ಕೌದಿಗೆ ಹಾಕಿದ ಹೊಲಿಗೆಯ ಹಾಗೆ.

ಅದಕ್ಕೇ ಟ್ರಂಕಿನಲ್ಲಿ ಬಿದ್ದಿದ್ದ ನನ್ನ ಸನ್ಮಾನದ ಶಾಲುಗಳಲ್ಲಿ ಎರಡನ್ನು ತೆಗೆದೆ. ಒಂದನ್ನು, ಜಗ್ಗಿದರೆ ಬಿಚ್ಚಿಕೊಳ್ಳಲೆಂದು, ಬರಿದೇ ಮಡಚಿದೆ. ಇನ್ನೊಂದರ ಮಡಿಕೆಗಳಿಗೆ ಅಡ್ಡಲಾಗಿ ದಪ್ಪ ದಾರದ ಹೊಲಿಗೆ ಹಾಕಲು ಹೆಂಡತಿಗೆ ಕೊಟ್ಟೆ.

“ಮಂದಿ ಶಾಲ್ ಹೊಚ್ಚಕೋತಾರ, ನೀವು ಹೊಲಿಸ್ಲಾಕತ್ತೀರಿ. ನೋಡಿದವ್ರು ಏನಂದಾರು?” ಎಂದಳು. ಆದರೂ ಹೊಲಿಗೆ ಬಿಗಿಯಾಗಿಯೇ ಹಾಕಿದಳು.

ಕಮಲಾಪುರದಲ್ಲಿ ಎರಡನ್ನೂ ವೇದಿಕೆಯ ಮೇಜಿನ ಮೇಲಿಟ್ಟೆ. ನಮ್ಮಲ್ಲಿ ಮೇಜಿನ ಮೇಲೆ ಮಡಚಿಟ್ಟ ಶಾಲು ಕಂಡರೆ ಅದು ಯಾರದು, ಏಕೆ ಎಂದು ಯಾರೂ ಕೇಳುವುದಿಲ್ಲ. ಅದಕ್ಕೊಂದು ಹೆಗಲು ಹುಡುಕುತ್ತಾರೆ. ನಿರೂಪಣೆ ಮಾಡುತ್ತಿದ್ದ ಉಪನ್ಯಾಸಕ ಮಹಾಶಯರು ಮೊದಲನೆಯದನ್ನು ಕೊಡವಿ ಮುಖ್ಯ ಅತಿಥಿಗೆ ಹೊದಿಸಿಯೇಬಿಟ್ಟರು. ಹೊಲಿಗೆಯದನ್ನು ಹಿಡಿದು ಅಧ್ಯಕ್ಷರತ್ತ ಹೊರಟರು.

“ಅದು ಸನ್ಮಾನದ್ದಲ್ರೀ! ಅದು ಪ್ರೋಟೀನ್ ಅದ!” ಎಂದು ಕೂಗಿದೆ.

“ಇರಲಿ ಬಿಡ್ರಿ ಸರ್, ಅಧ್ಯಕ್ಷರು ಏನೂ ಅನ್ಕೊಳ್ಳಂಗಿಲ್ಲ,” ಎಂದು ನನಗೇ ಸಮಾಧಾನ ಹೇಳಿದರು.

ಶಾಲು ಬಿಚ್ಚಲೊಲ್ಲದು. ಒಂದು ತುದಿಯನ್ನು ನಿರೂಪಕರು ಹಿಡಿದರು, ಇನ್ನೊಂದನ್ನು ಪ್ರಾಚಾರ್ಯರು. ಅಧ್ಯಕ್ಷರು ತಲೆ ಬಾಗಿಸಿಕೊಂಡೇ ಕಾದರು.

“ಜೋರ್ಲೆ ಜಗ್ರಿ ಸರ್!” ಎಂದು ಫೋಟೋದವನು ಹುರಿದುಂಬಿಸಿದ.

ನಾನು ಮಾಡಬೇಕಾಗಿದ್ದ ಪ್ರಯೋಗವನ್ನು, ಬಂಧದ ಬಗ್ಗೆ ಒಂದಕ್ಷರ ಹೇಳದೆ, ಇಬ್ಬರು ವಿದ್ಯಾವಂತರು ನನ್ನ ಕಣ್ಣೆದುರೇ ಮಾಡಿ ಮುಗಿಸುತ್ತಿದ್ದರು! ವಿದ್ಯಾರ್ಥಿಗಳು ಕಲಿಯುವ ಬದಲು ಬಿದ್ದುಬಿದ್ದು ನಗುತ್ತಿದ್ದರು. ಇದನ್ನು ವಿಜ್ಞಾನದ ಕಾರ್ಯಕ್ರಮ ಎಂದು ಬ್ಯಾನರಿನ ಮೇಲೆ ಬೇರೆ ಬರೆಸಿದ್ದರು. ಮೈಕು ಕೊಡಿರೆಂದು ಕೈಚಾಚಿದರೆ, ಆ ಕೈಗೆ ಹೂಗುಚ್ಛ ಇಟ್ಟರು.

ಮುಖ್ಯ ಅತಿಥಿ ಮೊದಲನೆಯ ಶಾಲನ್ನು ಹೊದ್ದುಕೊಂಡೇ ಮುಂದಿನ ಕಾರ್ಯಕ್ರಮಕ್ಕೆ ಕಾರು ಹತ್ತಿದರು. ಎರಡನೆಯದು ಅಂಚಿನಲ್ಲಿ ಹರಿಯಿತು. ಹೊಲಿಗೆ ಒಂದೂ ಬಿಚ್ಚಲಿಲ್ಲ. ಪ್ರಯೋಗ ರದ್ದಾಯಿತು.