ಹಕ್ಲಿನ ಅಕ್ಷರದ ಕಲ್ಲು

ನೆನೆದ ಕಾಗದ ಒಣಗುವಾಗ ಒಂದು ವಾಸನೆ ಬರುತ್ತದೆ. ತಣಿದ ಗಂಜಿಯಂತೆ ಸ್ವಲ್ಪ ಹುಳಿ, ಸ್ವಲ್ಪ ಮಣ್ಣು. ಮೊನ್ನೆ ಜಡಿಮಳೆಗೆ ತೊಯ್ದು ಮೆಟ್ಟಿಲಲ್ಲಿ ಬಿದ್ದಿದ್ದ ಪೇಪರನ್ನು ಅಡುಗೆಮನೆಯಲ್ಲಿ ಹರಡಿಟ್ಟಿದ್ದೆ. ಚಾ ಸೋಸುವಷ್ಟರಲ್ಲಿ ಆ ವಾಸನೆ ಎದ್ದು ಬಂತು. ಅದರ ಜೊತೆಗೆ ದೀಪದ ಮಸಿಯ ವಾಸನೆಯೂ ಬಂದಂತಾಯಿತು. ಮಸಿ ಎಲ್ಲಿಂದ ಬರಬೇಕು, ನನ್ನ ಮನೆಯಲ್ಲಿ ಎಣ್ಣೆದೀಪ ಹಚ್ಚದೆ ಎಷ್ಟೋ ದಿನವಾಗಿದೆ. ಆದರೂ ಕೈ ಮೂಸಿ ನೋಡಿಕೊಂಡೆ.

ಬಸ್ರೂರಿನಿಂದ ಸ್ವಲ್ಪ ಆಚೆ, ನನ್ನನ್ನು ಸಾಕಿದ ಅಜ್ಜಿಮನೆಯ ಎದುರಿಗೆ, ಊರಿಗೆಲ್ಲ ಸೇರಿದ ಒಂದು ಹುಲ್ಲುಬಯಲಿತ್ತು. ಹಕ್ಲು ಎನ್ನುತ್ತಿದ್ದೆವು. ಯಾರು ಬೇಕಾದರೂ ದನ ಬಿಡಬಹುದು, ಬತ್ತ ಒಣಗಿಸಬಹುದು. ನಡುವೆ ಅಶ್ವತ್ಥದ ಕಟ್ಟೆ. ಅದರ ಪಕ್ಕ ಹಗ್ಗ ಉಜ್ಜಿ ಉಜ್ಜಿ ಬಾಯಿಯ ಕಲ್ಲೆಲ್ಲ ಗೀರು ಬಿದ್ದ ಬಾವಿ. ಹಿಂದೆ ಬಂದರಿಗೆ ಅಕ್ಕಿ ಹೊತ್ತು ಹೋಗುವವರು ಯಾರ ಸಹಾಯವೂ ಇಲ್ಲದೆ ತಲೆಹೊರೆ ಇಳಿಸಲೆಂದು ಆಳೆತ್ತರಕ್ಕೆ ನಿಲ್ಲಿಸಿದ ಚಪ್ಪಡಿ. ಸ್ವಲ್ಪ ದೂರಕ್ಕೆ, ದನಗಳು ಮೈ ತಿಕ್ಕಿ ನುಣುಪಾಗಿಸಿದ್ದ ಇನ್ನೊಂದು ಕಲ್ಲು. ಅದರ ಮೈಮೇಲೆ ಪಾಚಿ, ಪಾಚಿಯ ಅಡಿಯಲ್ಲಿ ಗೀಟು. ಊರವರು ಅದಕ್ಕೆ ಅಕ್ಷರದ ಕಲ್ಲು ಎಂದು ಹೆಸರಿಟ್ಟಿದ್ದರು. ಓದಿದವರು ಯಾರೂ ಇರಲಿಲ್ಲ. ನಿಮ್ಮ ಊರಲ್ಲೂ ಅಂಥದೊಂದು ಇದ್ದಿರಬೇಕು. ಅದು ಎಲ್ಲಿತ್ತೆಂದು ಈಗ ಬೆರಳು ಮಾಡಿ ತೋರಿಸಲು ನಿಮಗೂ ಕಷ್ಟವಾಗಬಹುದು.

ಮನೆಯ ಯಜಮಾನಿಕೆ ದೊಡ್ಡ ಮಾವನದು. ಅಮ್ಮ ತೀರಿಹೋದ ಮೇಲೆ ನನ್ನನ್ನು ನೋಡಿಕೊಂಡವಳು ಅಮ್ಮಮ್ಮ. ಅವಳೂ ಮಗನ ಮುಖ ನೋಡಿಯೇ ಮಾತಾಡುತ್ತಿದ್ದಳು. ನನಗೆ ಹತ್ತು ತುಂಬಿದ ವರ್ಷ, ಬೇಸಿಗೆ ರಜೆಯ ಹೊತ್ತಿಗೆ, ಸಣ್ಣ ಮಾವ ಶೀನ ಮುಂಬೈಯಿಂದ ಬಂದ. ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಓದಿ, ಅಲ್ಲಿಯ ಮೇಷ್ಟ್ರೊಬ್ಬರಿಂದ ಹಳೆಯ ಲಿಪಿ ಕಲಿತಿದ್ದ. ಬಂದ ಮರುದಿನವೇ ತೆಂಗಿನ ನಾರಿನಲ್ಲಿ ಆ ಕಲ್ಲನ್ನು ತೊಳೆದ. ಒದ್ದೆ ಕಾಗದ ಹಚ್ಚಿ ಕುಂಚದಿಂದ ಮೆಲ್ಲಗೆ ಬಡಿದ. ಬಟ್ಟೆಯುಂಡೆಯನ್ನು ದೀಪದ ಮಸಿಯಲ್ಲಿ ಅದ್ದಿ ಮೇಲೆ ಒತ್ತುವ ಕೆಲಸ ನನಗೆ ಕೊಟ್ಟ. ಕಪ್ಪಿನ ನಡುವೆ ಬಿಳಿಯ ಅಕ್ಷರಗಳು ಒಂದೊಂದಾಗಿ ಎದ್ದವು. ದಿನಕ್ಕೆ ಒಂದು ಸಾಲಿನಂತೆ ಅವನು ನನಗೆ ಓದಲು ಕಲಿಸಿದ. 'ಗ' ಕುದುರೆಯ ಲಾಳದ ಹಾಗಿತ್ತು. ಊರಿನಲ್ಲಿ ಯಾರಿಗೂ ತಿಳಿಯದ್ದು ನಮ್ಮಿಬ್ಬರಿಗೆ ತಿಳಿಯುತ್ತಿದೆ ಎಂಬ ಜಂಬ ನನ್ನ ತಲೆಗೇರಿತ್ತು.

ಓದಿ ಮುಗಿದ ದಿನ ಅವನು ಕಟ್ಟೆಯ ಮೇಲೆ ಕುಳಿತು ಅದರ ಅರ್ಥ ಹೇಳಿದ. ಯಾವನೋ ವ್ಯಾಪಾರಿ ಬಾವಿ ತೋಡಿಸಿ, ಕಟ್ಟೆ ಕಟ್ಟಿಸಿ, ಸುತ್ತಲಿನ ಹುಲ್ಲುನೆಲವನ್ನು ದಾರಿಹೋಕರಿಗೂ ಊರಿನ ದನಗಳಿಗೂ ಬಿಟ್ಟುಕೊಟ್ಟದ್ದು ಅದರಲ್ಲಿತ್ತು. ಅದನ್ನು ಕಸಿದವನಿಗೆ ಕಾಶಿಯಲ್ಲಿ ಹಸು ಕೊಂದ ಪಾಪ ಎಂದೂ ಇತ್ತು. ದೊಡ್ಡ ಮಾವ ಆಗ ಹಕ್ಲು ನಮ್ಮದೇ ಜಾಗವೆಂದು ಅರ್ಜಿ ಹಾಕಿ, ಬೇಲಿಗೆ ಕಂಬ ತರಿಸಿದ್ದ. ಅಳತೆಗೆ ಸರ್ವೆಯವರು ಬರುವ ದಿನ ಗೊತ್ತಾಗಿತ್ತು.

"ಯಾರಿಗೂ ಹೇಳುಕಾಗ ಮಗಾ," ಎಂದ ಸಣ್ಣ ಮಾವ. "ಸರ್ವೆಯವ್ರ್ ಬರ್ಲಿ. ಅವ್ರ್ ಎದ್ರಿಗೇ ಓದ್ತೆ." ಕಾಗದವನ್ನು ಸುರುಳಿ ಮಾಡಿ ತನ್ನ ಚಾಪೆಯೊಳಗೆ ಇಟ್ಟ.

ಅಳತೆಯ ಹಿಂದಿನ ದಿನ ಅವನು ಏನೋ ಕೆಲಸಕ್ಕೆಂದು ಬೆಳಿಗ್ಗೆಯ ಬಸ್ಸಿಗೆ ಕುಂದಾಪುರಕ್ಕೆ ಹೋದ. ಊಟಕ್ಕೆ ಕುಳಿತ ದೊಡ್ಡ ಮಾವ ಎಂದೂ ಇಲ್ಲದ್ದು ನನ್ನನ್ನು ಪಕ್ಕಕ್ಕೆ ಕರೆದು, ತನ್ನ ಎಲೆಯಿಂದ ಹುರಿದ ಮೀನಿನ ತುಂಡೊಂದನ್ನು ನನ್ನ ಎಲೆಗೆ ಹಾಕಿದ. "ಶೀನ ನಿಂಗೆಂತ ಕಲ್ಸಿದ್ದ? ನಂಗೂ ಹೇಳ್ ಕಾಂಬ," ಎಂದ. ಅವನು ನನ್ನನ್ನು ಹೆದರಿಸಲಿಲ್ಲ. ಕಿವಿಗೊಟ್ಟು ಕೇಳಿದ, ಅಷ್ಟೇ. ಆ ಮನೆಯಲ್ಲಿ ನನ್ನ ಮಾತನ್ನು ಯಾರೂ ಅಷ್ಟು ಹೊತ್ತು ಕೇಳಿದ್ದಿಲ್ಲ. ಮೊದಲ ಸಾಲಿನಿಂದ ಕೊನೆಯ ಪಾಪದವರೆಗೆ ಬಾಯಿಪಾಠ ಒಪ್ಪಿಸಿದೆ. ಕಾಗದ ಎಲ್ಲಿದೆ ಎಂದು ಕೇಳುವ ಮೊದಲೇ ಅದನ್ನೂ ಹೇಳಿದೆ. ಅವನು ಕೈ ತೊಳೆದು ಕಲ್ಲು ಕಡಿಯುವ ಆಳುಗಳನ್ನು ಕರೆಸಿದ. ಸುತ್ತಿಗೆಯ ಸದ್ದು ಸಂಜೆ ನಾಲ್ಕರವರೆಗೂ ಕೇಳಿತು. ಊರವರು ತಮ್ಮ ತಮ್ಮ ಜಗಲಿಯಲ್ಲಿ ನಿಂತು ನೋಡಿದರು. ಎಲ್ಲರೂ ನಮ್ಮ ಗದ್ದೆಗೆ ಕೆಲಸಕ್ಕೆ ಬರುವವರೇ. ಚೂರುಗಳು ಹೊಸ ಪಾಗಾರದ ಗೋಡೆಯ ಅಡಿಪಾಯಕ್ಕೆ ಹೋದವು. ಅಮ್ಮಮ್ಮ ಚಾಪೆ ಬಿಡಿಸಿ, ಕಾಗದವನ್ನು ಬಚ್ಚಲ ಒಲೆಗೆ ತುರುಕಿದಳು. "ಮೀವ ನೀರಾರೂ ಕಾಯ್ಲಿ," ಎಂದಳು. ಆ ಬಿಸಿನೀರಿನಲ್ಲೇ ನನಗೆ ಸ್ನಾನ ಮಾಡಿಸಿ ತಲೆ ಒರೆಸಿದಳು.

ಮರುದಿನ ಸರ್ವೆಯವರ ಎದುರು, ಹಸಿಮಣ್ಣು ಮುಚ್ಚಿದ ಗುಳಿಯ ಪಕ್ಕ, ರಾತ್ರಿ ಬಸ್ಸಿಗೆ ಮರಳಿದ್ದ ಸಣ್ಣ ಮಾವ ಬರಿಗೈಯಲ್ಲಿ ನಿಂತಿದ್ದ. ಕಲ್ಲಿನಲ್ಲಿದ್ದದ್ದನ್ನು ನೆನಪಿನಿಂದಲೇ ಹೇಳಿದ. ದೊಡ್ಡ ಮಾವ ನಗುತ್ತ, "ಬೊಂಬಾಯಿಂದ ಬಂದ ಮೇಲೆ ಹೀಂಗೇ. ತಲೆ ಸಮ ಇಲ್ಲೆ," ಎಂದ. ಒಬ್ಬಿಬ್ಬರು ನಕ್ಕರು. ಆಗ ಸಣ್ಣ ಮಾವ ನನ್ನತ್ತ ಕೈ ತೋರಿಸಿದ.

"ಈ ಹೆಣ್ಣನ್ನ ಕೇಣಿ. ನನ್ನೊಟ್ಟಿಗೆ ಓದಿತ್ತ್ ಅದ್."

ಎಲ್ಲರೂ ತಿರುಗಿದರು. ದೊಡ್ಡ ಮಾವ ನನ್ನ ಹತ್ತಿರ ಬಗ್ಗಿ ಮೆಲ್ಲಗೆ, "ಹೇಳ್ ಹೆಣೆ, ಆ ಕಲ್ಲಗೆ ಅಕ್ಷರ ಇದ್ದಿತ್ತಾ?" ಎಂದ. ನನಗೆ ಅವನ ಹೆದರಿಕೆ ಇರಲಿಲ್ಲ. ಇತ್ತು ಎಂದರೆ, ಹಾಗಾದರೆ ದೊಡ್ಡ ಮಾವನಿಗೆ ಹೇಳಿದವರು ಯಾರು ಎಂಬ ಮಾತು ಏಳುತ್ತದೆ, ನಿನ್ನೆ ಬಾಯಿಬಿಟ್ಟವಳು ನಾನೇ ಎಂದು ಸಣ್ಣ ಮಾವನಿಗೆ ತಿಳಿದುಬಿಡುತ್ತದಲ್ಲ, ಆ ಒಂದೇ ಹೆದರಿಕೆ.

"ಇಲ್ಲೆ," ಎಂದೆ. "ಬರೀ ಕಲ್ಲ್."

ಅಂದಿನಿಂದ ಅವನು ಊರಿಗೆ ಕಲ್ಲುಮರ್ಲನಾದ, ಕಲ್ಲಿನ ಹುಚ್ಚನಾದ. ಶಾಲೆಯ ಮಕ್ಕಳು ಅವನ ಮುಂದೆ ಗೋಡೆ ಚೂರು ಹಿಡಿದು, "ಹ್ವಾಯ್, ಇದ್ರಗೆ ಎಂತ ಬರ್ದಿತ್ತ್?" ಎಂದು ಕೇಳುತ್ತಿದ್ದರು. ಮಕ್ಕಳ ನಡುವೆ ನಾನೂ ನಿಂತಿರುತ್ತಿದ್ದೆ. ನಗು ಬಾರದಿದ್ದರೂ ನಗುತ್ತಿದ್ದೆ. ಅಮ್ಮಮ್ಮ ಅವನಿಗೆ ಊಟವನ್ನು ಜಗಲಿಗೆ ಕೊಡತೊಡಗಿದಳು. ಒಂದು ಮಧ್ಯಾಹ್ನ ಅವನು ನನ್ನನ್ನು ಬಾವಿಯ ಬಳಿ ನಿಲ್ಲಿಸಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ. ನಿದ್ದೆಗೆಟ್ಟ ಕಣ್ಣು. "ಯಾರೂ ಇಲ್ಲೆ ಇಲ್ಲ್. ನಿಜ ಹೇಳ್ ಮಗಾ. ನಾವ್ ಓದಿದ್ ಹೌದಲ್ದಾ? ನಂಗೆ ಕಂಡದ್ದೇ ಸುಳ್ಳಾ?" ಎಂದು ಕೇಳಿದ.

ಒಂದು ಸಲ ಹೇಳಿದ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. "ಅಲ್ಲ್ ಎಂತದೂ ಇರ್ಲಿಲ್ಲೆ ಮಾವ," ಎಂದೆ. ಅವನು ತಲೆಯಾಡಿಸಿದ. ಬಾವಿಯ ಗೀರುಬಿದ್ದ ಕಲ್ಲನ್ನು ಬೆರಳಿನಿಂದ ಸವರಿದ. ಮಳೆ ಹಿಡಿಯುವ ಮೊದಲು ಮುಂಬೈಗೆ ಹೊರಟುಹೋದ.

ಶಾಪ ಯಾರಿಗೂ ತಟ್ಟಲಿಲ್ಲ. ದೊಡ್ಡ ಮಾವ ಹಕ್ಲಿನಲ್ಲಿ ಕಲ್ಯಾಣಮಂಟಪ ಕಟ್ಟಿಸಿ, ತುಂಬು ವಯಸ್ಸಿನಲ್ಲಿ ಸುಖವಾಗಿ ಸತ್ತ. ಅಮ್ಮಮ್ಮನೂ ಹೋದಳು. ಮನೆ ಕೆಡವಿ ಕಾರು ನಿಲ್ಲಿಸಲು ಜಾಗ ಮಾಡಿದ್ದಾರೆ. ಬಾವಿಯ ಮೇಲೆ ಸಿಮೆಂಟಿನ ಮುಚ್ಚಳವಿದೆ, ಅದರ ಮೇಲೆ ಅಡುಗೆಯವರು ಪಾತ್ರೆ ಬೋರಲು ಹಾಕುತ್ತಾರೆ.

ಸಣ್ಣ ಮಾವ ಮುದುಕನಾಗಿ ಸಿದ್ದಾಪುರಕ್ಕೆ ಬಂದು ಒಂದು ಹೋಟೆಲಿನ ಹಿಂಬದಿಯ ಕೋಣೆಯಲ್ಲಿದ್ದಾನೆಂದು ತಿಳಿದಾಗ ನನಗೂ ಐವತ್ತು ಸಮೀಪಿಸಿತ್ತು. ಬಸ್ಸು ಹಿಡಿದು ಹೋದೆ. ಮೀನಿನ ತುಂಡಿನಿಂದ ಹಿಡಿದು ಬಚ್ಚಲ ಒಲೆಯವರೆಗೆ ಎಲ್ಲ ಹೇಳಿ ಅತ್ತುಬಿಟ್ಟೆ. ಅವನು ನನ್ನ ಕೈಗೆ ಚಾ ಕೊಟ್ಟು ನಕ್ಕ. ಆ ನಗುವಿನಲ್ಲಿ ನನ್ನ ಮೇಲೆ ಮರುಕವಿತ್ತು.

"ನನ್ ಸಮಾಧಾನಕ್ಕೆ ಹೇಳ್ತೆ ನೀನ್. ಬ್ಯಾಡ ಮಗಾ. ಆಗ ನಂಗೆ ತಲೆ ಸಮ ಇರ್ಲಿಲ್ಲೆ. ಊರವ್ರ್ ಹೇಳಿರೆ ನಾ ನಂಬ್ತಿರ್ಲಿಲ್ಲೆ. ನೀ ಹೇಳಿದ್ ಕಂಡ್ ಗೊತ್ತಾಯ್ತ್. ಸಣ್ಣ ಮಕ್ಳ್ ಸುಳ್ಳ್ ಹೇಳುದಿಲ್ಲೆ."

ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಸಂಜೆಯ ಬಸ್ಸಿಗೆ ಅವನೇ ರಸ್ತೆಯವರೆಗೆ ಬಂದು, ಕೈ ಅಡ್ಡ ಹಿಡಿದು ನಿಲ್ಲಿಸಿ, ಕಿಟಕಿಯ ಬದಿಯ ಸೀಟು ತೋರಿಸಿದ. ಅದೇ ಮಳೆಗಾಲದಲ್ಲಿ ಅವನು ತೀರಿಕೊಂಡ. ಒಂದು ಬೇಸಿಗೆಯಲ್ಲಿ ತನಗೆ ಮರ್ಲು ಹಿಡಿದಿತ್ತೆಂದೇ ಕೊನೆಯವರೆಗೂ ನಂಬಿದ್ದ.